ಕೆಂಪಿಯ ಮಟ್ಟೆ ಗುಡ್ಡೆ

ಆಷಾಢ ಕಳೆದ ಎರಡನೇ ದಿನ ಕೆಂಪಿ ನಮ್ಮ ಮನೆಗೆ ಬಂದಳು. ತಿಪಟೂರಿನಲ್ಲಿ ನಮ್ಮಣ್ಣನದೊಂದು ಕೊಬ್ಬರಿ ಶೆಡ್ಡಿತ್ತು. ಕೆಳಗೆ ಸಿಮೆಂಟು ನೆಲ, ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ಆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಕೂತು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿ ಆಗುವ ತನಕ ಕಾವಲಿಗೊಂದು ನಾಯಿ ಬೇಕಿತ್ತು. ಎರಡು ತಿಂಗಳ ಮರಿಯಾಗಿದ್ದಾಗ ಅಲ್ಲಿಗೆ ಸೇರಿದ ಕೆಂಪಿ ಒಂದೂವರೆ ವರ್ಷದವಳಾಗುವ ತನಕ ಸರಪಣಿಯಲ್ಲೇ ಬೆಳೆದಳು. ಈ ವರ್ಷ ಅಣ್ಣ ಶೆಡ್ಡನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಅವರಿಗೆ ನಾಯಿ ಬೇಡವಂತೆ. "ನೀನು ಇಟ್ಕಂತೀಯೇನಮ್ಮ? ಇಲ್ಲಾಂದ್ರೆ ಎಪಿಎಂಸಿ ಯಾರ್ಡ್ ಹತ್ರ ಬಿಟ್ಟು ಬತ್ತೀನಿ" ಅಂತ ಫೋನು ಮಾಡಿದ. ಅವತ್ತು ನನಗೆ ಊಟ ಸೇರಲಿಲ್ಲ. ರಾತ್ರಿ ನಾನೇ ಫೋನು ಮಾಡಿ ತಂದುಬಿಡಣ್ಣ ಅಂದೆ.

ನಮ್ಮದು ತುಮಕೂರಿನ ಎಸ್.ಎಸ್. ಪುರಂನಲ್ಲಿ ಮಾವನವರು ಕಟ್ಟಿಸಿದ ಹಳೇ ಮನೆ. ಪಡಸಾಲೆ, ನಡುಮನೆ, ದೇವರ ಮನೆಯ ಮುಂದಿನ ಜಾಗಕ್ಕೆಲ್ಲ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಕಲೆಸಿ ಹಾಕಿದ ಕೆಂಪು ಗಾರೆ ನೆಲ. ಹಿಂದುಗಡೆ ನಾವು ಆಮೇಲೆ ಸೇರಿಸಿದ ಅಡುಗೆಮನೆಗೂ ಎರಡು ರೂಮಿಗೂ ಟೈಲ್ಸು. ಈ ನೆಲದ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮನೆಯಲ್ಲಿರುವುದು ನಾನು, ನಮ್ಮನೆಯವರು, 78 ವರ್ಷದ ನಮ್ಮತ್ತೆ. ನಮ್ಮನೆಯವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನನ್ನದು ಬಿ.ಎಚ್. ರಸ್ತೆಯಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದು ಹೋಗುವಷ್ಟು ಹತ್ತಿರ.

ಬಂದ ದಿನವೇ ಕೆಂಪಿ ನಡುಮನೆಯ ಮಧ್ಯಕ್ಕೆ ಹೋಗಿ ಕೂತು ಉಚ್ಚೆ ಮಾಡಿದಳು. ಹೊಸ ಜಾಗ, ಗಾಬರಿ ಅಂದುಕೊಂಡೆವು. ಮಾರನೇ ದಿನ ಮೂರು ಸಲ, ಅದರ ಮಾರನೇ ದಿನ ನಾಲ್ಕು ಸಲ. ಬೆಳಿಗ್ಗೆ ಐದೂವರೆಗೆ ಹಗ್ಗ ಹಾಕಿ ಕರೆದುಕೊಂಡು ಹೋಗಿ ಮುಕ್ಕಾಲು ಗಂಟೆ ಬೀದಿ ಸುತ್ತಿಸುತ್ತಿದ್ದೆ. ಖಾಲಿ ಸೈಟಿನ ಹುಲ್ಲು, ಹೊಂಗೆ ಮರದ ಬುಡ, ಮರಳಿನ ರಾಶಿ, ಎಲ್ಲವನ್ನೂ ಮೂಸುತ್ತಿದ್ದಳು. ಒಂದು ಹನಿ ಇಲ್ಲ. ಮನೆಗೆ ಬಂದು ಹಗ್ಗ ಬಿಚ್ಚಿ ನಾನು ಕೈ ತೊಳೆಯುವಷ್ಟರಲ್ಲಿ ನಡುಮನೆಯಲ್ಲಿ ಕೆರೆ. ಎರಡನ್ನೂ, ಅಂದರೆ ದೊಡ್ಡದನ್ನೂ, ಅಲ್ಲೇ ಮಾಡುತ್ತಿದ್ದಳು. ಬಾಗಿಲಲ್ಲಿದ್ದ ತೆಂಗಿನ ನಾರಿನ ಕಾಲೊರಸಂತೂ ಮೂರನೇ ದಿನಕ್ಕೆ ಮುಟ್ಟಲು ಬಾರದಂತಾಯಿತು. ಅಂಗಡಿಯ ಹಳೇ ಲೆಕ್ಕದ ಪುಸ್ತಕವೊಂದರಲ್ಲಿ ಹೊತ್ತು, ಜಾಗ ಬರೆದಿಡಲು ಶುರು ಮಾಡಿದ್ದೆ. ಮೊದಲ ಹತ್ತು ದಿನದ ಪುಟದಲ್ಲಿ 31 ಗೆರೆ ಇದೆ.

ಶ್ರಾವಣ ಮಾಸ. ಅತ್ತೆಗೆ ಸೋಮವಾರ ಸೋಮವಾರ ಉಪವಾಸ, ಪೂಜೆ. ದೇವರ ಮನೆಯ ಹೊಸ್ತಿಲಿನಿಂದ ಎರಡಡಿ ಆಚೆ ಉಚ್ಚೆ. ಅವರು ಬೈಯಲಿಲ್ಲ. ಮಂಡಿ ನೋವಿನ ಕಾಲು ಮಡಚಿಕೊಂಡು ಕೂತು ತಾವೇ ಎರಡೆರಡು ಸಲ ನೆಲ ಒರೆಸುತ್ತಿದ್ದರು. ನನ್ನ ಕೈಗೆ ಬಟ್ಟೆ ಕೊಡುತ್ತಿರಲಿಲ್ಲ. ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಮೂತಿ ಹಿಡಿದು ಅದರಲ್ಲೇ ಉಜ್ಜಿ, ಎರಡು ಬಾರಿಸಿ, ಬುದ್ಧಿ ಬರುತ್ತೆ. ನಾನು ಮೂತಿ ಉಜ್ಜಲಿಲ್ಲ. ಆದರೆ ನಾಲ್ಕನೇ ದಿನ ಗಟ್ಟಿಯಾಗಿ ಕೂಗಿದೆ. ಆರನೇ ದಿನ ಪೇಪರು ಸುತ್ತಿ ಬೆನ್ನ ಮೇಲೆ ಒಂದು ಏಟು ಹಾಕಿದೆ. ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು, ಯಾಕೆಂದರೆ ಆ ಏಟಿನಿಂದ ಆದದ್ದೇನು ಅನ್ನುವುದು ಪುಸ್ತಕದಲ್ಲಿದೆ. ಏಳನೇ ದಿನದಿಂದ ಕೆಂಪಿ ನಮ್ಮೆದುರು ಮಾಡುವುದನ್ನು ಬಿಟ್ಟಳು. ದಿವಾನದ ಹಿಂದೆ, ಪಡಸಾಲೆಯ ಬೀರುವಿನ ಸಂದಿಯಲ್ಲಿ ಮಾಡತೊಡಗಿದಳು. ಹೊರಗೆ ಹಗ್ಗ ಹಿಡಿದು ನಾನು ಪಕ್ಕದಲ್ಲಿದ್ದರಂತೂ ಸುತಾರಾಂ ಇಲ್ಲ. ಅವಳಿಗೆ ಅರ್ಥವಾದದ್ದು "ಇಲ್ಲಿ ಮಾಡಬಾರದು" ಅಂತಲ್ಲ, "ಇವಳ ಕಣ್ಣಿಗೆ ಬೀಳುವಂತೆ ಮಾಡಬಾರದು" ಅಂತ. ನಾನೇ ಕೈಯಾರೆ ಕೆಲಸವನ್ನು ಎರಡು ಪಟ್ಟು ಮಾಡಿಕೊಂಡಿದ್ದೆ.

"ಅದಕ್ಕೆ ಗೊತ್ತು ಕಣ್ರೀ ತಪ್ಪು ಮಾಡಿದ್ದು, ಮುಖ ನೋಡಿ ಹೆಂಗೆ ಸಣ್ಣಗಾಗೈತೆ" ಅಂತ ಎದುರುಮನೆಯವರು ಅಂದಿದ್ದರು. ನನಗೂ ಹಾಗೇ ಕಂಡಿತ್ತು. ಕಿವಿ ಹಿಂದಕ್ಕೆ, ಬಾಲ ಕಾಲ ಸಂದಿಗೆ, ಕಣ್ಣು ಪಕ್ಕಕ್ಕೆ. ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ವಿಜ್ಞಾನಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ್ದಾರೆ. ತಿನ್ನಬೇಡ ಅಂದ ತಿಂಡಿಯನ್ನು ನಾಯಿ ತಿಂದಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಸಪ್ಪೆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನರು ಗದರಿದಾಗ ಆ ಮುಖ ಬಂತು. ತಿನ್ನದೇ ಇದ್ದ ನಾಯಿಯನ್ನು ಗದರಿದರೂ ಬಂತು. ಅಂದರೆ ಕೆಂಪಿಯ ಮುಖದಲ್ಲಿ ನಾನು ಕಂಡದ್ದು ತಪ್ಪಿನ ಅರಿವಲ್ಲ, ನನ್ನನ್ನು ಕಂಡರೆ ಅವಳಿಗಿದ್ದ ಭಯ. ಅದು ತಿಳಿದ ದಿನದಿಂದ ಪೇಪರನ್ನು ಓದಲು ಮಾತ್ರ ಮುಟ್ಟಿದ್ದೇನೆ.

ಹನ್ನೊಂದನೇ ದಿನ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇದನ್ನು ಮೊದಲನೇ ವಾರವೇ ಮಾಡಬೇಕಿತ್ತು. ಬೆಳೆದ ನಾಯಿ ಮನೆಯೊಳಗೆ ಉಚ್ಚೆ ಮಾಡುತ್ತಿದೆ ಅಂದರೆ ಮೊದಲು ಮೈ ನೋಡಬೇಕು, ಆಮೇಲೆ ಪಾಠ ಅಂದರು ಡಾಕ್ಟರಮ್ಮ. ಅವರು ಕೇಳಿದ ಪ್ರಶ್ನೆಗಳನ್ನು ಹಾಗೇ ಬರೆದಿಟ್ಟುಕೊಂಡಿದ್ದೇನೆ. ಒಂದೇ ಸಲಕ್ಕೆ ಹರಿಸುತ್ತಾಳೋ, ಪದೇ ಪದೇ ಕೂತು ಚೂರು ಚೂರು ಹನಿಸುತ್ತಾಳೋ? ಮಲಗಿ ಎದ್ದ ಜಾಗ ಒದ್ದೆ ಇರುತ್ತದೋ? ಕೆಳಗೆ ಜಾಸ್ತಿ ನೆಕ್ಕಿಕೊಳ್ಳುತ್ತಾಳೋ? ಹೀಟಿಗೆ ಬಂದು ಎಷ್ಟು ದಿನವಾಯಿತು? ಕಡಿತಕ್ಕೋ ಕಜ್ಜಿಗೋ ಸ್ಟೆರಾಯ್ಡ್ ಏನಾದರೂ ಕೊಡಿಸಿದ್ದೀರಾ? ಸ್ಟೆರಾಯ್ಡ್ ತೆಗೆದುಕೊಂಡ ನಾಯಿಗೆ ವಿಪರೀತ ದಾಹವಾಗಿ ಮನೆಯೆಲ್ಲ ಉಚ್ಚೆ ಮಾಡುವುದುಂಟಂತೆ, ಜನ ಅದನ್ನು ಹಟ ಅಂದುಕೊಳ್ಳುತ್ತಾರಂತೆ. ಬಗ್ಗಿಕೊಂಡು ಮಾತಾಡಿಸಿದರೆ ಸಾಕು, ಅಲ್ಲೇ ಒಂದಿಷ್ಟು ಬಿಟ್ಟುಬಿಡುವ ನಾಯಿಗಳೂ ಇವೆ. ಅದು ಭಯದಿಂದ ಆಗುವುದು, ಅದರ ದಾರಿಯೇ ಬೇರೆ.

ನೀರನ್ನೂ ಅಳೆಯಲು ಹೇಳಿದರು. ಆರೋಗ್ಯವಾಗಿರುವ ನಾಯಿ ದಿನಕ್ಕೆ ಕೆ.ಜಿ. ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ಕುಡಿಯಬಹುದು, 100 ದಾಟಿದರೆ ಮೂತ್ರಪಿಂಡ, ಸಕ್ಕರೆ ಕಾಯಿಲೆ ಅಂತೆಲ್ಲ ಹುಡುಕಬೇಕಾಗುತ್ತದೆ. ಕೆಂಪಿ 16 ಕೆ.ಜಿ. ಲೀಟರಿನ ಬಾಟಲಿಯಿಂದಲೇ ಅವಳ ಬಟ್ಟಲಿಗೆ ಸುರಿದು ಮೂರು ದಿನ ಅಳೆದೆ. ಎಂದೂ ಒಂದು ಲೀಟರು ದಾಟಲಿಲ್ಲ. ಸಮಾಧಾನವಾಯಿತು.

ಉಚ್ಚೆ ಹಿಡಿಯುವುದು ಇನ್ನೊಂದು ಕೆಲಸ. ಹಳೇ ಸೌಟಿಗೆ ಉದ್ದನೇ ಕೋಲು ಕಟ್ಟಿ, ಬೆಳಗಿನ ಮೊದಲ ಉಚ್ಚೆಗೆ ನಡುಮನೆಯಲ್ಲೇ ಅವಳ ಕಣ್ಣಿಗೆ ಬೀಳದಂತೆ ಕಾದು ಕೂತೆ. ಅವಳು ಕೂತ ಎರಡು ಕ್ಷಣ ಬಿಟ್ಟು ಹಿಂದಿನಿಂದ ಸೌಟು ಜಾರಿಸಿ ಹಿಡಿದೆ. ಶುರುವಿನದು ಬೇಡ, ಮಧ್ಯದ್ದು ಬೇಕು. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ ಅಂದಿದ್ದರು. ಅತ್ತೆಯ ಮೊಸರು ಬೆಣ್ಣೆ ಇರುವ ಫ್ರಿಜ್ಜಿನಲ್ಲಿ ಅದನ್ನಿಡಲು ನನಗೇ ಮನಸ್ಸಾಗಲಿಲ್ಲ. ಸ್ಕೂಟರಿನಲ್ಲಿ ನೇರ ಲ್ಯಾಬಿಗೆ ಹೋದೆ. ಕೀವಿನ ಕಣಗಳು ಬಂದವು. ಮೂತ್ರದ ಸೋಂಕು. ಪಾಪ, ಉರಿ ತಡೆಯಲಾರದೆ ಹನಿಸುತ್ತಿದ್ದ ಜೀವಕ್ಕೆ ನಾನು ಏಟು ಹಾಕಿದ್ದೆ.

ಮಾತ್ರೆ ಹತ್ತು ದಿನ. ನಾಲ್ಕೇ ದಿನಕ್ಕೆ ಕೆಂಪಿ ಗೆಲುವಾದಳು, ಆದರೂ ಹತ್ತೂ ದಿನ ರಾಗಿ ಮುದ್ದೆಯ ತುಣುಕಿನಲ್ಲಿ ಮಾತ್ರೆ ಅಡಗಿಸಿ ಕೊಟ್ಟೆ. ಅರ್ಧಕ್ಕೆ ನಿಲ್ಲಿಸಿದರೆ ಸೋಂಕು ತಿರುಗಿ ಬರಬಹುದು. ಅದೇ ಹೊತ್ತಿನಲ್ಲಿ ಇಲಿಜ್ವರದ್ದೂ ಸೇರಿರುವ ಲಸಿಕೆ ಹಾಕಿಸಿದೆವು, ಆ ಕಾಯಿಲೆ ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ಅಂಟುತ್ತದೆ. ಅಲ್ಲಿಂದ ಮುಂದೆ ಒರೆಸುವಾಗ ಕೈಗೆ ಗ್ಲೌಸು ಕಡ್ಡಾಯ ಮಾಡಿದೆ, ಅತ್ತೆಗೂ ಒಂದು ಜೊತೆ ತಂದೆ.

ಚೂರು ಚೂರು ಹನಿಸುವುದು ಪೂರ್ತಿ ನಿಂತಿತು. ಎರಡನೇ ಹತ್ತು ದಿನದಲ್ಲಿ 19. ಆದರೆ ಆ 19 ಹಟ ಹಿಡಿದಂತೆ ಕೂತುಬಿಟ್ಟವು. ಒಂದೊಂದೂ ತುಂಬಿದ ಕೆರೆ. ಇನ್ನು ಉಳಿದದ್ದು ಕಾಯಿಲೆಯಲ್ಲ.

ದಾರಿ ಸಿಕ್ಕಿದ್ದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ. ಖೋಟಾ ನೋಟು ನೋಡಲು ಒಂದು ನೇರಳೆ ಟಾರ್ಚು ಇಟ್ಟುಕೊಂಡಿದ್ದೇನೆ. ಆ ಬೆಳಕಿಗೆ ಒಣಗಿದ ಉಚ್ಚೆಯ ಕಲೆಯೂ ಹೊಳೆಯುತ್ತದೆ ಅಂತ ಓದಿದ್ದೆ. ಒಂದು ರಾತ್ರಿ ಅತ್ತೆ ಮಲಗಿದ ಮೇಲೆ ದೀಪಗಳನ್ನೆಲ್ಲ ಆರಿಸಿ ಟಾರ್ಚು ಹಿಡಿದು ನೆಲದ ಮೇಲೆ ತೆವಳಿದೆ. ನಾವು ತಿಕ್ಕಿ ತೊಳೆದು ಹೋಯಿತು ಅಂದುಕೊಂಡಿದ್ದ ಕಲೆಗಳೆಲ್ಲ ಹಳದಿ ಮಿಶ್ರಿತ ಹಸಿರಾಗಿ ಎದ್ದು ಕೂತವು. ಸೋಪಿನ ಪುಡಿಯ ಕಲೆಯೂ ಹೊಳೆಯುತ್ತದೆ, ಹಾಗಾಗಿ ಒಂದೊಂದನ್ನೂ ಮೂಸಿ ನೋಡಿ ಸೀಮೆಸುಣ್ಣದಲ್ಲಿ ಸುತ್ತು ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ 22 ಸುತ್ತು. ಎಲ್ಲವೂ ಗಾರೆ ನೆಲದ ಮೇಲೆ. ಟೈಲ್ಸಿನ ಮೇಲೆ ಒಂದೂ ಇಲ್ಲ.

ಅಡುಗೆಮನೆಯಲ್ಲೂ ಅವಳು ಓಡಾಡುತ್ತಾಳೆ. ನನ್ನ ರೂಮಿನಲ್ಲಿ ಮಲಗುತ್ತಾಳೆ. ಅಲ್ಲಿ ಯಾಕೆ ಒಂದು ಸಲವೂ ಮಾಡಿಲ್ಲ? ಕಾಫಿ ಕೈಯಲ್ಲಿ ಹಿಡಿದುಕೊಂಡೇ ಅಣ್ಣನಿಗೆ ಫೋನು ಮಾಡಿದೆ. "ಶೆಡ್ಡಲ್ಲಿ ಎಲ್ಲಿ ಉಚ್ಚೆ ಮಾಡ್ತಿದ್ದಳಣ್ಣ ಇವಳು?"

"ಇನ್ನೆಲ್ಲಿ ಮಾಡ್ತಾಳಮ್ಮ, ಸರಪಣಿ ಎಷ್ಟುದ್ದ ಐತೋ ಅಷ್ಟರೊಳಗೇ. ಸಿಮೆಂಟ್ ನೆಲದ ಮೇಲೆ, ಇಲ್ಲಾ ಪಕ್ಕದಾಗಿನ ಮಟ್ಟೆ ಗುಡ್ಡೆ ಮೇಲೆ. ಬೆಳಿಗ್ಗೆ ಆಳುಗಳು ನೀರು ಹೊಡೀತಿದ್ರು."

ಸಿಮೆಂಟು ನೆಲ, ತೆಂಗಿನಕಾಯಿ ಸುಲಿದ ನಾರಿನ ಮಟ್ಟೆ. ನಮ್ಮ ಮನೆಯಲ್ಲಿ ಗಾರೆ ನೆಲ, ತೆಂಗಿನ ನಾರಿನ ಕಾಲೊರಸು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಾಯಿಮರಿಗಳು ಎರಡು ತಿಂಗಳ ಆಸುಪಾಸಿನಿಂದ ಇಂಥ ನೆಲದ ಮೇಲೆ ಮಾಡಬೇಕು ಅನ್ನುವುದನ್ನು ಅಂಗಾಲಿನಿಂದಲೇ ಕಲಿಯುತ್ತವೆ. ಮಣ್ಣಿನಲ್ಲಿ ಬೆಳೆದದ್ದಕ್ಕೆ ಮಣ್ಣು ಬೇಕು, ಹುಲ್ಲಿನಲ್ಲಿ ಬೆಳೆದದ್ದಕ್ಕೆ ಹುಲ್ಲು. ಕೆಂಪಿಯ ಅಂಗಾಲಿಗೆ ಒಂದೂವರೆ ವರ್ಷ ಗೊತ್ತಿದ್ದದ್ದು ಸಿಮೆಂಟು ಮತ್ತು ಮಟ್ಟೆ. ಮಳೆ ಬಂದ ಹುಲ್ಲಿನ ಮೇಲೆ ನಿಲ್ಲಿಸಿದರೆ ಒಂದೊಂದೇ ಕಾಲು ಎತ್ತುತ್ತಿದ್ದಳು, ನಾನು ಅದನ್ನು ನೋಡಿಯೂ ನೋಡಿರಲಿಲ್ಲ. ನಾನು ದಿನಾ ಅವಳನ್ನು ಮಾಡಬಾರದ ಜಾಗಕ್ಕೆ (ಅವಳ ಪ್ರಕಾರ) ಕರೆದುಕೊಂಡು ಹೋಗಿ ಮುಕ್ಕಾಲು ಗಂಟೆ ಸುತ್ತಿಸಿ, ಮಾಡಬೇಕಾದ ಜಾಗಕ್ಕೆ ವಾಪಸು ತಂದು ಬಿಡುತ್ತಿದ್ದೆ. ಅವಳು ಅಷ್ಟು ಹೊತ್ತು ತಡೆದುಕೊಂಡು ಬಂದು, ಕಲಿತ ಹಾಗೇ ಒಪ್ಪವಾಗಿ ಮಾಡುತ್ತಿದ್ದಳು. ಕೆಂಪಿ ಶಿಸ್ತಿಲ್ಲದ ನಾಯಿಯೇ ಅಲ್ಲ. ಶಿಸ್ತು ಇದ್ದದ್ದಕ್ಕೇ ಇಷ್ಟೆಲ್ಲ ಆದದ್ದು.

ಅಣ್ಣ ತೋಟದಿಂದ ಎರಡು ಚೀಲ ಮಟ್ಟೆ ಕಳಿಸಿದ. ಹಿತ್ತಿಲಲ್ಲಿ ಕರಿಬೇವಿನ ಗಿಡದ ಪಕ್ಕ ನಾಲ್ಕಡಿಗೆ ನಾಲ್ಕಡಿ ಜಾಗಕ್ಕೆ ಇಟ್ಟಿಗೆ ಜೋಡಿಸಿ, ಕೆಳಗೆ ಚರಂಡಿ ಮುಚ್ಚುವ ಹಳೇ ಸಿಮೆಂಟು ಚಪ್ಪಡಿ ಹಾಕಿ, ಮೇಲೆ ಮಟ್ಟೆ ಹರಡಿದೆ. ಎಸೆಯಲೆಂದು ಮೂಲೆಗಿಟ್ಟಿದ್ದ ಆ ಕಾಲೊರಸಿನಿಂದ ಒಂದು ತುಂಡು ಕತ್ತರಿಸಿ ಮಧ್ಯಕ್ಕೆ ಇಟ್ಟೆ, ಅವಳದೇ ವಾಸನೆ ಇರಲಿ ಅಂತ. ಸರಪಣಿಯನ್ನು ಗುಜರಿಗೆ ಹಾಕಿ ಹದಿನೈದಡಿ ಹತ್ತಿ ಹಗ್ಗ ತಂದೆ. ನನ್ನ ಕಣ್ಣೆದುರು ಮಾಡುವುದಿಲ್ಲವಲ್ಲ, ಹಗ್ಗ ಸಡಿಲ ಬಿಟ್ಟು, ಬೆನ್ನು ತಿರುಗಿಸಿ, ಮೊಬೈಲು ಕೂಡ ನೋಡದೆ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಮೊದಲ ದಿನ ನಲವತ್ತು ನಿಮಿಷ ನಿಂತೆ, ಆಗಲಿಲ್ಲ. ಎರಡನೇ ದಿನವೂ ಇಲ್ಲ. ಆಗದೇ ಇದ್ದಾಗ ಒಳಗೆ ಬಂದರೂ ಅವಳ ಹಗ್ಗ ನನ್ನ ಸೊಂಟಕ್ಕೇ ಇರುತ್ತಿತ್ತು. ಒಲೆ ಮುಂದೆ ನಾನು ನಿಂತರೆ ಅವಳೂ ಅಲ್ಲೇ. ಹದಿನೈದು ನಿಮಿಷ ಕಳೆದು ಮತ್ತೆ ಹಿತ್ತಿಲು.

ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇದ್ದಾಗ ಬೆನ್ನ ಹಿಂದೆ ಮಟ್ಟೆ ಸರಸರ ಅಂದಿತು. ಆಮೇಲೆ ಆ ಸದ್ದು. ಉಸಿರು ಬಿಗಿ ಹಿಡಿದು ನಿಂತೆ. ಮುಗಿದ ತಕ್ಷಣ ತಿರುಗಿ ಕಡಲೆಕಾಳಿನಷ್ಟು ಕೊಬ್ಬರಿ ಚೂರು ಬಾಯಿಗೆ ಕೊಟ್ಟೆ. ಒಂದೂವರೆ ವರ್ಷ ಕೊಬ್ಬರಿ ಕಾಯ್ದವಳು, ಅದರ ಮೇಲೆ ಅವಳಿಗಿರುವ ಆಸೆ ಅಷ್ಟಿಷ್ಟಲ್ಲ. ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಹೆಚ್ಚು ಕೊಟ್ಟರೆ ಹೊಟ್ಟೆ ಕೆಡುತ್ತದೆ, ದಿನಕ್ಕೆ ಆರು ಚೂರಿಗಿಂತ ಜಾಸ್ತಿ ಕೊಡಲಿಲ್ಲ. ಚೂರು ಅಲ್ಲೇ ಸಿಗಬೇಕು, ಒಂದೆರಡು ಕ್ಷಣದೊಳಗೆ ಸಿಗಬೇಕು. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ "ಒಳಗೆ ಬಂದದ್ದಕ್ಕೆ ಕೊಬ್ಬರಿ" ಅಂತ ಅವಳು ಲೆಕ್ಕ ಹಾಕುತ್ತಾಳೆ. ಇನ್ನೊಂದು ಮಾತು. ಮಾಡಿದ ಕೂಡಲೇ ಒಳಗೆ ಎಳೆದುಕೊಂಡು ಬರಬಾರದು. ಮಾಡಿದರೆ ಹೊರಗಿನ ಸುಖ ಮುಗಿಯಿತು ಅಂತ ತಿಳಿದ ನಾಯಿ ತಡೆದುಕೊಳ್ಳುವುದನ್ನು ಕಲಿಯುತ್ತದೆ. ಹಾಗಾಗಿ ಮೊದಲು ಹಿತ್ತಿಲಲ್ಲಿ ಉಚ್ಚೆ, ಆಮೇಲೆ ಬೀದಿ ಸುತ್ತಾಟ ಅಂತ ಅದಲು ಬದಲು ಮಾಡಿದೆ.

ಹೊತ್ತುಗಳು ಪುಸ್ತಕದಲ್ಲಿ ತಾವಾಗಿಯೇ ಕಂಡವು. ಎದ್ದ ತಕ್ಷಣ, ಊಟವಾದ ಹದಿನೈದು ಇಪ್ಪತ್ತು ನಿಮಿಷಕ್ಕೆ, ಮಧ್ಯಾಹ್ನದ ನಿದ್ದೆ ಮುಗಿದಾಗ, ಆಟವಾಡಿ ದಣಿದಾಗ, ರಾತ್ರಿ ಮಲಗುವ ಮುಂಚೆ. ಇಷ್ಟಕ್ಕೆ ಕರೆದುಕೊಂಡು ಹೋದರೆ ಮುಕ್ಕಾಲು ಪಾಲು ಮುಗಿಯಿತು. ಬೆಳೆದ ನಾಯಿ ಆರರಿಂದ ಎಂಟು ಗಂಟೆ ತಡೆದುಕೊಳ್ಳಬಲ್ಲದು ನಿಜ, ಆದರೆ ಕಲಿಯುವಾಗ ಅಷ್ಟು ಹೊತ್ತು ಪರೀಕ್ಷೆ ಮಾಡುವುದು ನ್ಯಾಯವಲ್ಲ. ಪಂಜರ ತಂದಿಡಿ ಅಂತಲೂ ಕೆಲವರು ಅಂದರು. ಮರಿಯಿಂದ ಅಭ್ಯಾಸವಾದ ನಾಯಿಗೆ ಅದು ಸರಿಯಿರಬಹುದು. ಬದುಕಿನ ಅಷ್ಟೂ ದಿನ ಆರಡಿ ಸರಪಣಿಯಲ್ಲಿ ಕಳೆದವಳನ್ನು ಮತ್ತೆ ಕೂಡಿಹಾಕಲು ನಾನು ಒಪ್ಪಲಿಲ್ಲ. ನಡುಮನೆಯ ಬಾಗಿಲಿಗೆ ಅಡ್ಡ ಹಲಗೆ ಇಟ್ಟು, ನಾನಿಲ್ಲದ ಹೊತ್ತು ಟೈಲ್ಸಿನ ಕಡೆಯಲ್ಲೇ ಇರುವಂತೆ ಮಾಡಿದೆ. ಅಷ್ಟು ಸಾಕಾಯಿತು.

ಅತ್ತೆಯ ವಿಷಯ ಹೇಳಬೇಕು. ಒಂದು ದಿನ ಕಾಲೇಜು ಹುಡುಗರ ಪ್ರಾಜೆಕ್ಟು ರಿಪೋರ್ಟುಗಳ ಗಡಿಬಿಡಿ, ಬೆಳಿಗ್ಗೆ ಏಳಕ್ಕೇ ಅಂಗಡಿ ತೆಗೆಯಬೇಕಿತ್ತು. "ನೀನು ಹೋಗಮ್ಮ, ನಾನು ಕರ್ಕಂಡು ಹೋಯ್ತೀನಿ" ಅಂತ ಹಗ್ಗ ಇಸಿದುಕೊಂಡರು. ನಾನು ಸ್ಕೂಟರು ತೆಗೆಯುತ್ತಿದ್ದಾಗ ಹಿತ್ತಿಲಿನಿಂದ "ಸ್ಸ್ಸ್... ಸ್ಸ್ಸ್..." ಅನ್ನುವ ಸದ್ದು ಕೇಳಿಸಿತು. ಇಣುಕಿದರೆ ಅತ್ತೆ ಮಟ್ಟೆ ಗುಡ್ಡೆಯ ಪಕ್ಕ ಕಲ್ಲಿನ ಮೇಲೆ ಕೂತಿದ್ದಾರೆ, ಕೆಂಪಿ ಗುಡ್ಡೆಯ ಮೇಲೆ ಕೂತಿದ್ದಾಳೆ. ರಾತ್ರಿ ಕೇಳಿದೆ. "ನಿನ್ನ ಗಂಡನಿಗೂ ಹಿಂಗೇ ಕಲಿಸಿದ್ದು ಕಣಮ್ಮ. ಕಾಲ ಮೇಲೆ ಕೂರಿಸ್ಕಂಡು ಸ್ಸ್ ಅಂದ್ರೆ ಮಾಡ್ತಿದ್ದ. ಮಗಾಗೆ ಆಗೋದು ಇದ್ಕೆ ಯಾಕಾಗಲ್ಲ?"

ಆಗುತ್ತದೆ. ಅವಳು ಮಾಡುತ್ತಿರುವಾಗಲೇ ಒಂದೇ ಸದ್ದು, ಮುಗಿದ ಕೂಡಲೇ ಚೂರು. ಎರಡು ವಾರ ಹೀಗೆ ಜೋಡಿಸಿದ ಮೇಲೆ ಸದ್ದು ಕೇಳಿದರೆ ಸಾಕು, ಕೆಂಪಿ ಮೂಸುವುದನ್ನು ಬಿಟ್ಟು ಕೂರುತ್ತಾಳೆ. ಮಳೆಯಲ್ಲಿ ಛತ್ರಿ ಹಿಡಿದು ನಿಂತಾಗ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನು ತೊಳೆಯುವುದು. ನಾವು ಮೊದಲ ಮೂರು ವಾರ ಮಾಡಿದ್ದೆಲ್ಲ ಫಿನೈಲು. ನಮ್ಮ ಮೂಗಿಗೆ ಫಿನೈಲಿನ ವಾಸನೆ ಮಾತ್ರ, ಕೆಂಪಿಯ ಮೂಗಿಗೆ ಅದರಡಿ ಉಚ್ಚೆ ಹಾಗೇ ಇತ್ತು. ಮೇಲಾಗಿ ನೆಲ ನೆಕ್ಕುವ ನಾಯಿ ಇರುವ ಮನೆಯಲ್ಲಿ ಫಿನೈಲು ಒಳ್ಳೆಯದಲ್ಲ. ಉಚ್ಚೆಯಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಆ ಘಾಟು ಅದೇ. ಅಮೋನಿಯಾ ಇರುವ ಕ್ಲೀನರು ಹಾಕಿದರೆ ಇಲ್ಲಿ ಇನ್ನೊಬ್ಬರು ಮಾಡಿ ಹೋಗಿದ್ದಾರೆ ಅಂತ ನಾಯಿಗೆ ಚೀಟಿ ಅಂಟಿಸಿದ ಹಾಗೆ. ಉಚ್ಚೆಯ ಮೇಲೆ ಬ್ಲೀಚಿಂಗ್ ಪೌಡರನ್ನಂತೂ ದಯವಿಟ್ಟು ಸುರಿಯಬೇಡಿ. ಅಮೋನಿಯಾದ ಜೊತೆ ಸೇರಿ ಉಸಿರಾಟಕ್ಕೆ ಅಪಾಯವಾದ ಅನಿಲ ಬರುತ್ತದೆ. ವಯಸ್ಸಾದವರಿರುವ ಮುಚ್ಚಿದ ಕೋಣೆಯಲ್ಲಿ ಅದು ಆಟವಲ್ಲ. ವಿನೆಗರ್ ಹಾಕಿ ಅಂದವರ ಮಾತು ಕೇಳಿ ಒಂದು ಮೂಲೆಯಲ್ಲಿ ಹಾಕಿದೆ. ಟೈಲ್ಸಿಗೆ ಸರಿ, ಗಾರೆ ನೆಲಕ್ಕೆ ಹುಳಿ ಆಗುವುದಿಲ್ಲ, ಸಿಮೆಂಟನ್ನೇ ತಿನ್ನುತ್ತದೆ. ಬೀರುವಿನ ಪಕ್ಕ ಅಂಗೈ ಅಗಲ ಬಣ್ಣ ಬಿಟ್ಟು ಬೆಳ್ಳಗಾದ ಕಲೆ ಇನ್ನೂ ಇದೆ. ಮಾವನವರು ಕೈಯಾರೆ ತಿಕ್ಕಿಸಿ ಹೊಳಪು ಬರಿಸಿದ್ದ ನೆಲ ಅದು. ಅತ್ತೆ ಆ ಕಲೆಯ ಮೇಲೆ ಮಣೆ ಇಟ್ಟುಕೊಂಡಿದ್ದಾರೆ.

ಕೊನೆಗೆ ಕೆಲಸ ಮಾಡಿದ್ದು ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ, ಉಚ್ಚೆಯ ಅಂಶವನ್ನೇ ಒಡೆದುಹಾಕುವ ಎಂಜೈಮ್ ದ್ರಾವಣ. ಅದಕ್ಕೂ ಕ್ರಮವಿದೆ. ಹಸಿ ಇದ್ದರೆ ಒತ್ತಿ ಒತ್ತಿ ಹೀರಿಸಬೇಕು, ಉಜ್ಜಿ ಹರಡಬಾರದು. ಮೊದಲು ಫಿನೈಲಿನ ಅಂಶವೆಲ್ಲ ಹೋಗುವಂತೆ ಬರೀ ನೀರಿನಲ್ಲಿ ಎರಡು ಸಲ ತೊಳೆಯಬೇಕು, ಫಿನೈಲು ಉಳಿದಿದ್ದರೆ ಎಂಜೈಮು ಕೆಲಸ ಮಾಡುವುದಿಲ್ಲ. ಆಮೇಲೆ ದ್ರಾವಣ ಧಾರಾಳವಾಗಿ ಸುರಿದು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಒಣಗಲು ಬಿಡದೆ ಕಾಯಬೇಕು. ನಾನು ಗಾರೆ ನೆಲಕ್ಕೆ ರಾತ್ರಿಯಿಡೀ ಬಿಟ್ಟೆ. ಸೀಮೆಸುಣ್ಣದ 22 ಸುತ್ತಿಗೂ ಹೀಗೆ ಮಾಡಲು ಆರು ರಾತ್ರಿ ಹಿಡಿಯಿತು. ಗಾರೆಯ ಸೀಳುಗಳೊಳಗೆ ಇಳಿದದ್ದು ಮಾತ್ರ ಮಳೆ ಹಿಡಿದ ದಿನ ಮತ್ತೆ ವಾಸನೆ ಏಳುತ್ತಿತ್ತು. ಗಾರೆಯವರನ್ನು ಕರೆಸಿ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಕಲೆಸಿ ಸೀಳು ತುಂಬಿಸಿ, ಒಣಗಿದ ಮೇಲೆ ಮೇಣದ ಪಾಲಿಶು ಹಾಕಿಸಿದೆವು. ಅಲ್ಲಿಗೆ ನೆಲದ ಕಥೆ ಮುಗಿಯಿತು.

ಐದನೇ ಹತ್ತು ದಿನದ ಪುಟದಲ್ಲಿ 3 ಗೆರೆ. ಆರನೆಯದರಲ್ಲಿ 1. ಒಳಗೆ ಮಾಡುತ್ತಿರುವಾಗ ಕಂಡರೆ ಚಪ್ಪಾಳೆ ಮೆತ್ತಗೆ ತಟ್ಟಿ "ಬಾ ಬಾ ಕೆಂಪಿ" ಅಂತ ಹಿತ್ತಿಲಿಗೆ ಓಡುತ್ತಿದ್ದೆ, ಅಲ್ಲಿ ಮುಗಿಸಿದರೆ ಚೂರು. ಆಮೇಲೆ ಕಂಡರೆ ಮಾತಿಲ್ಲದೆ ಒರೆಸುವುದು, ಅಷ್ಟೇ.

ದೀಪಾವಳಿ ಬಂತು. ನರಕ ಚತುರ್ದಶಿಯ ಹಿಂದಿನ ರಾತ್ರಿ ಮೊದಲ ಆಟಂ ಬಾಂಬು ಸಿಡಿದದ್ದೇ ಕೆಂಪಿ ಹಿತ್ತಿಲಿನಿಂದ ಹಗ್ಗ ಎಳೆದುಕೊಂಡು ಒಳಗೋಡಿ ಮಂಚದ ಕೆಳಗೆ ಸೇರಿದಳು. ಆ ಮೂರು ದಿನದಲ್ಲಿ ನಾಲ್ಕು ಸಲ ಒಳಗೇ ಆಯಿತು, ಅದರಲ್ಲಿ ಒಂದು ನನ್ನ ಹಾಸಿಗೆಯ ಮೇಲೆ. ಎರಡೂವರೆ ತಿಂಗಳ ಕೆಲಸ ನೀರು ಪಾಲಾಯಿತು ಅಂತ ಅಳು ಬಂದದ್ದು ನಿಜ. ಆದರೆ ಇದು ಮರೆವಲ್ಲ, ಹೆದರಿಕೆ. ಎರಡನೇ ದಿನದಿಂದ ಸಂಜೆ ಐದೂವರೆಗೆ, ಪಟಾಕಿ ಶುರುವಾಗುವ ಮುಂಚೆ, ಊಟ ಮಾಡಿಸಿ ಹಿತ್ತಿಲಿಗೆ ಕರೆದೊಯ್ದೆ. ಆಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ, ರೇಡಿಯೋ ಹಾಕಿ, ಅವಳ ಪಕ್ಕ ನೆಲದ ಮೇಲೇ ಮಲಗಿದೆ. ಸದ್ದಡಗಿದ ಮೇಲೆ, ಹನ್ನೊಂದೂವರೆಗೋ ಹನ್ನೆರಡಕ್ಕೋ, ಇನ್ನೊಂದು ಸಲ. ಹಬ್ಬ ಕಳೆದು ಎಂಟು ದಿನಕ್ಕೆ ಮೊದಲಿನ ದಾರಿಗೆ ಬಂದಳು. ಮುಂದಿನ ವರ್ಷ ಹಬ್ಬಕ್ಕೆ ಒಂದು ವಾರ ಮುಂಚೆಯೇ ಡಾಕ್ಟರಮ್ಮನನ್ನು ಕಾಣಬೇಕು ಅಂತ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ.

ಸಂತಾನಹರಣದ ಆಪರೇಷನ್ ಮುಂದಿನ ತಿಂಗಳಿದೆ. ಅದಾದ ಮೇಲೆ ಕೆಲವು ಹೆಣ್ಣು ನಾಯಿಗಳಿಗೆ, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ, ಮಲಗಿದ್ದಾಗ ತಿಳಿಯದೆ ಸೋರುವುದುಂಟು, ಅದಕ್ಕೆ ಔಷಧಿಯೂ ಇದೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ. ಹಾಗಾದರೆ ಅದನ್ನು ಕಲಿತದ್ದನ್ನು ಮರೆತಳು ಅಂದುಕೊಳ್ಳಬಾರದು ಅಂತ ಅತ್ತೆಗೂ ಹೇಳಿಟ್ಟಿದ್ದೇನೆ.

ಇನ್ನೊಂದು ಕೆಲಸವನ್ನು ನಿಧಾನವಾಗಿ ಮಾಡುತ್ತಾ ಬಂದಿದ್ದೆ. ಮಟ್ಟೆ ಗುಡ್ಡೆ ಎಲ್ಲ ಕಡೆ ಇರುವುದಿಲ್ಲವಲ್ಲ. ನೆಂಟರ ಮನೆಗೆ ಹೋದರೆ, ದಾರಿಯಲ್ಲಿ ಆದರೆ? ಅದಕ್ಕೆ ವಾರಕ್ಕೊಮ್ಮೆ ಹಳೇ ಮಟ್ಟೆ ಸ್ವಲ್ಪ ತೆಗೆದು ಅಷ್ಟೇ ಮಣ್ಣು ಸೇರಿಸುತ್ತಿದ್ದೆ. ಮೊದಲು ಒಂದು ಬೊಗಸೆ, ಆಮೇಲೆ ಒಂದು ಬಾಂಡ್ಲಿ. ಒಮ್ಮೆ ಆತುರಪಟ್ಟು ಜಾಸ್ತಿ ಹಾಕಿದಾಗ ಅವಳು ಅಂಚಿನಲ್ಲೇ ನಿಂತು ನನ್ನ ಮುಖ ನೋಡಿದಳು. ಮಾರನೇ ದಿನ ಮಣ್ಣು ಅರ್ಧ ತೆಗೆದೆ. ಕಾರ್ತಿಕ ಮುಗಿಯುವ ಹೊತ್ತಿಗೆ ಗುಡ್ಡೆಯಲ್ಲಿ ಮಟ್ಟೆಗಿಂತ ಮಣ್ಣೇ ಜಾಸ್ತಿಯಿತ್ತು.

ಮೊನ್ನೆ ಗುರುವಾರ ಬೆಳಗಿನ ಜಾವ ತುಂತುರು ಮಳೆ. ಚಿಲಕ ತೆಗೆದೆ. ಕೆಂಪಿ ಮಟ್ಟೆ ಗುಡ್ಡೆಯ ಹತ್ತಿರ ಹೋದಳು, ಮೂಸಿದಳು, ದಾಟಿ ಮುಂದೆ ಹೋದಳು. ಕರಿಬೇವಿನ ಗಿಡದಾಚೆ, ಒದ್ದೆ ಮಣ್ಣಿನ ಮೇಲೆ, ನಾಲ್ಕೂ ಕಾಲು ಊರಿ ಕೂತಳು. ಯಾರೂ ಸ್ಸ್ ಅಂದಿರಲಿಲ್ಲ. ಕೊಬ್ಬರಿ ಡಬ್ಬಿ ಒಳಗೇ ಬಿಟ್ಟು ಬಂದಿದ್ದೆ, ಕೈ ಖಾಲಿ. ಮಳೆಯಲ್ಲೇ ಮಂಡಿಯೂರಿ ಅವಳ ಕತ್ತು ತಬ್ಬಿಕೊಂಡೆ.

ಅವತ್ತು ಸಂಜೆ ಅಣ್ಣನಿಗೆ ಫೋನು ಮಾಡಿ, ಈ ಸಲ ಮಟ್ಟೆ ಕಳಿಸಬೇಡ ಅಂದೆ. ಮಿಕ್ಕಿದ್ದ ಅರ್ಧ ಚೀಲವನ್ನು ಅತ್ತೆ ಹಂಡೆ ಒಲೆಗೆ ಉರಿಸುತ್ತಿದ್ದಾರೆ.